ಕೌದಿಯ ನಾಲ್ಕನೆಯ ಮೂಲೆ

ಸೊಲ್ಲಾಪುರ
೧೪ ಜುಲೈ ೨೦೨೫

ಪ್ರೀತಿಯ ರಾಜಮಾ,

ಪಾರ್ಸಲ್ ಬಿಚ್ಚಿದ ಕೂಡಲೇ ಬಿಳಿ ಲೇಬಲ್ಲುಗಳ ಕಟ್ಟು ನಿನ್ನ ಕೈಗೆ ಸಿಕ್ಕಿರುತ್ತದೆ. ಅದನ್ನು ಪಕ್ಕಕ್ಕಿಟ್ಟು ಮೊದಲು ಈ ಪತ್ರ ಓದು. ಓದದೆ ಹೊಲಿಯಲು ಕೂತರೆ ನನ್ನಾಣೆ. ಬೈಲಹೊಂಗಲದ ಸಾಲೆಯಲ್ಲಿ ಪ್ರಶ್ನೆಪತ್ರಿಕೆ ಓದುವ ಮೊದಲೇ ಉತ್ತರ ಬರೆಯಲು ಶುರು ಮಾಡುತ್ತಿದ್ದವಳು ನೀನು, ನನಗೇನು ಗೊತ್ತಿಲ್ಲವೇ?

ನಮ್ಮ ಕಂಪನಿ ನಿಮ್ಮ ಹೂಲಿಯ ಹೆಂಗಸರ ಸಂಘದಿಂದ ಕೌದಿ ಕೊಳ್ಳಲು ಒಪ್ಪಿದ ದಿನ ನಾನು ಆಫೀಸಿನಲ್ಲೇ ಕುಣಿದಾಡಿದ್ದೆ. ಹಳೆ ಸೀರೆಗಳನ್ನು ಪದರ ಪದರ ಜೋಡಿಸಿ ಹೊಲಿದದ್ದನ್ನು ಸಮುದ್ರದಾಚೆಯವರು ತಮ್ಮ ಮಂಚದ ಮೇಲೆ ಹಾಸಿಕೊಳ್ಳುತ್ತಾರೆಂದರೆ ನಮ್ಮವ್ವ ಇವತ್ತಿಗೂ ನಂಬುವುದಿಲ್ಲ. ಚಳಿಗಾಲಕ್ಕೆ ಮೊದಲು ಅವು ಅಲ್ಲಿಗೆ ಮುಟ್ಟಬೇಕು. ಈಗ ನಡುವೆ ಒಂದು ತೊಡಕು ಬಂದಿದೆ.

ಆ ದೇಶದಲ್ಲಿ ಹೊಸ ಕಾಯ್ದೆ ಮಾಡಿದ್ದಾರೆ. ಮನೆಬಳಕೆಯ ಪ್ರತಿ ವಸ್ತುವಿನ ಮೇಲೂ, ಅದರಲ್ಲಿ ಹದಿನಾಲ್ಕರ ಒಳಗಿನ ಮಕ್ಕಳ ದುಡಿಮೆ ಇದೆಯೋ ಇಲ್ಲವೋ ಎಂದು ಲೇಬಲ್ ಇರಲೇಬೇಕು. 'ಇಲ್ಲ' ಎಂದು ಬರೆಯಬೇಕಾದರೆ ಒಬ್ಬರು ಹೊಣೆ ಹೊತ್ತು ಸಹಿ ಮಾಡಬೇಕು. ಹೊಣೆ ಹೊರುವವರು ಇರದಿದ್ದರೆ 'ಖಾತ್ರಿಯಿಲ್ಲ' ಎಂಬ ಲೇಬಲ್. ಅಂಥದ್ದನ್ನು ಅಲ್ಲಿಯ ಅಂಗಡಿಯವರು ಹೊಸ್ತಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಸಾಲೆಯ ಹೊತ್ತು ಮುಗಿದ ಮೇಲೆ ಮಕ್ಕಳು ಮನೆಯವರ ಕೆಲಸಕ್ಕೆ ಕೈಜೋಡಿಸಿದರೆ ನಮ್ಮ ದೇಶದ ಕಾಯ್ದೆ ಬೇಡವೆನ್ನುವುದಿಲ್ಲ. ಅವರ ಲೇಬಲ್ ಅದಕ್ಕೂ ಒಪ್ಪುವುದಿಲ್ಲ. ನಾನು ಕಳಿಸಿರುವುದು 'ಇಲ್ಲ' ಎಂಬ ಲೇಬಲ್.

ಅದಕ್ಕೇ ಕೇಳುತ್ತೇನೆ, ಸಿಟ್ಟಾಗಬೇಡ. ನಿಮ್ಮಲ್ಲಿ ಹೊಲಿಗೆಗೆ ಮಕ್ಕಳು ಕೂಡುವುದಿಲ್ಲ ತಾನೇ? ಒಂದು ಸಾಲು ಬರೆದು ಕಳಿಸಿದರೆ ನನಗೆ ನಿದ್ದೆ ಬಂದೀತು. ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಿನ್ನ ಫೋನು ಒಂದೋ ನಿನ್ನ ಮಗ ತೌಹೀದನ ಕೈಯಲ್ಲಿ, ಇಲ್ಲವೇ ಸ್ಪೀಕರಿಗೆ ಹಾಕಿದ್ದು ಸಂಘದ ನಡುವೆ. ಕೌದಿಯ ಪಾರ್ಸಲಿನ ಜೊತೆ ಪತ್ರ ಹೋಗಿಬರುವುದೇ ವಾಸಿ.

ನಿನ್ನ
ಸುಚೇತಾ


ಹೂಲಿ
೨೪ ಜುಲೈ ೨೦೨೫

ಜೋಯಿಸರ ಮಗಳೇ,

ನಿಮ್ಮಪ್ಪ ವೆಂಕಣ್ಣ ಜೋಯಿಸರು ಸಂಪಗಾಂವದಲ್ಲಿ ಪಂಚಾಂಗ ನೋಡದೆ ಹೊರಗೆ ಕಾಲಿಡುತ್ತಿರಲಿಲ್ಲ. ನೀನು ಇನ್ನು ಮೇಲೆ ಲೇಬಲ್ ನೋಡದೆ ಹೊದ್ದುಕೊಳ್ಳುವುದಿಲ್ಲವೆಂದು ಕಾಣುತ್ತದೆ. ಎಷ್ಟು ಹೆದರುತ್ತೀಯೇ! ಇಲ್ಲಿ ಕಾರ್ಖಾನೆಯಿಲ್ಲ, ಗೇಟಿಲ್ಲ, ಸಾಹುಕಾರನಿಲ್ಲ. ನನ್ನ ಮನೆಯ ಪಡಸಾಲೆಯಲ್ಲಿ ನಾವು ಹೆಂಗಸರು ಕೂತು, ಚಹಾ ಕುಡಿದು, ಊರವರ ಸುದ್ದಿಯೆಲ್ಲ ಆಡಿ, ಕೈ ಬಿಡುವಾದಾಗ ಹೊಲಿಯುತ್ತೇವೆ.

ನಿನ್ನ ಕಾಯ್ದೆಯ ವಿಷಯ ಎಲ್ಲರಿಗೂ ಓದಿ ಹೇಳಿದೆ. ನಮ್ಮಲ್ಲಿ ಹಿರಿಯಳು ಶಟ್ಟೆವ್ವ. ಅವಳು ಸೂಜಿ ಹಿಡಿದ ಕೈ ಹಾಗೇ ಮೇಲೆತ್ತಿ ಕೇಳಿದಳು: "ಅಲ್ಲಬೇ, ಕೌದಿ ಹೊಲಿಯೂದ ಕೂಸಿಗೆ ಹೊಚ್ಚಾಕ. ಅದನ್ನ ಕೂಸು ಮುಟ್ಟಬಾರದಂದ್ರ ಹ್ಯಾಂಗ?" ಎಲ್ಲರೂ ನಕ್ಕೆವು. ನಗಬಾರದಿತ್ತೇ?

ಮುಟ್ಟುವುದೇನೋ ಮುಟ್ಟುತ್ತಾರೆ, ನಿನಗೆ ಸುಳ್ಳು ಯಾಕೆ ಹೇಳಲಿ. ಮೂರು ಮೂಲೆ ಹೊಲಿದು ಮುಗಿದ ಮೇಲೆ ನಾಲ್ಕನೆಯದನ್ನು ಬಿಟ್ಟಿರುತ್ತೇವೆ. ಅದರೊಳಗೆ ರೊಟ್ಟಿಯ ಒಂದು ಚೂರು ಇಡುತ್ತೇವೆ. ಅದು ಕೌದಿಯ ಹೊಟ್ಟೆ ತುಂಬಿಸುವುದು. ಖಾಲಿ ಹೊಟ್ಟೆಯ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವೆಂದು ಶಟ್ಟೆವ್ವ ಗಟ್ಟಿಯಾಗಿ ನಂಬಿದ್ದಾಳೆ. ಆಮೇಲೆ ಇನ್ನೂ ದೊಡ್ಡವಳಾಗದ ಹುಡುಗಿಯೊಬ್ಬಳು ಆ ಮೂಲೆ ಮುಚ್ಚಬೇಕು. ಅವಳ ಬಾಯಿಗೆ ಬೆಲ್ಲ. ನನ್ನ ಮನೆಯಲ್ಲಿ ಫಿಜಾ ಮುಚ್ಚುತ್ತಾಳೆ, ಇಲ್ಲವೇ ಶಟ್ಟೆವ್ವನ ಮೊಮ್ಮಗಳು ಸ್ನೇಹಲ್. ಇಬ್ಬರೂ ಬೆಲ್ಲಕ್ಕಾಗಿ ಜಗಳಾಡುತ್ತಾರೆ. ಇದನ್ನು ದುಡಿಮೆ ಎಂದವರಿಗೆ ನಾನೇ ಬೆಲ್ಲ ಕೊಡುತ್ತೇನೆ, ಬಾಯಿ ಮುಚ್ಚಿಕೊಳ್ಳಲಿ.

ಫಿಜಾ ಯಾರೆಂದು ಕೇಳಬೇಡ, ಹಿಂದೆ ಬರೆದಿದ್ದೆ. ನನ್ನ ತಮ್ಮ ಬಾಬಾಜಾನನ ಮಗಳು. ತಾಯಿ ತೀರಿಕೊಂಡ ಮೇಲೆ ನನ್ನ ಹತ್ತಿರವೇ ಇದ್ದಾಳೆ, ಹನ್ನೆರಡು ತುಂಬಿತು. ಬಾಬಾಜಾನ ಟೆಂಪೋ ಓಡಿಸುತ್ತಾನೆ, ಸವದತ್ತಿ ಕಡೆಯ ಕೂಲಿಯವರನ್ನು ರಾಮದುರ್ಗದ ಹೊಲಗಳಿಗೆ ಒಯ್ದು ಬಿಡುವುದು ಅವನ ಕೆಲಸ. ಹುಡುಗಿಯ ಕೈ ಏನು ಹೇಳಲಿ! ನಿನ್ನೆ ಮಧ್ಯಾಹ್ನ ನನ್ನ ಪಕ್ಕದಲ್ಲೇ ಕೂತು ಸಾಲಿನ ಮೇಲೆ ಸಾಲು ಹೊಲಿದಳು, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ. ಹೊಲಿಗೆಯ ಮೇಲೆ ಅಷ್ಟು ಜೀವ ಅವಳಿಗೆ.

ಲೇಬಲ್ ಹೊಲಿಯಲು ಶುರು ಮಾಡಿದ್ದೇವೆ. ನೀನು ಮಲಗು.

ರಾಜಮಾ


ಸೊಲ್ಲಾಪುರ
೨ ಆಗಸ್ಟ್ ೨೦೨೫

ರಾಜಮಾ,

ಮಲಗು ಎಂದು ಬರೆದೆ. ನಿನ್ನ ಪತ್ರ ಓದಿದ ಮೇಲೆ ಮಲಗಿದ್ದೇ ಸುಳ್ಳು.

ಮೊದಲು ರೊಟ್ಟಿಯ ಮಾತು. ಆ ಕೌದಿ ಹಡಗಿನಲ್ಲಿ ವಾರಗಟ್ಟಲೆ ಹೋಗುತ್ತದೆ. ಇರುವೆ ಮುತ್ತಿ ಅಲ್ಲಿಯವರ ಹಾಸಿಗೆಯಲ್ಲಿ ಹರಿದಾಡಿದರೆ ನಾನು ಯಾರಿಗೆ ಮುಖ ತೋರಿಸಲಿ? ಶಟ್ಟೆವ್ವನ ಕಾಲಿಗೆ ಬೀಳುತ್ತೇನೆ, ಈ ಸಲ ಕೌದಿಗೆ ಉಪವಾಸ ಹಾಕಿರಿ.

ಎರಡನೆಯದು ಮೂಲೆ. ನೀನು ಅದನ್ನು ಪದ್ಧತಿ ಎನ್ನುತ್ತೀ, ನಾನೂ ಅನ್ನುತ್ತೇನೆ. ಆದರೆ ಪರೀಕ್ಷೆ ಮಾಡಲು ಬಂದವರು ಒಬ್ಬ ಹುಡುಗಿ ಸೂಜಿ ಹಿಡಿದು ಕೂತ ಫೋಟೋ ತೆಗೆದರೆ, ಆ ಫೋಟೋದಲ್ಲಿ ಬೆಲ್ಲ ಕಾಣುವುದಿಲ್ಲ. ಇನ್ನು ಮೇಲೆ ಮೂಲೆಯನ್ನು ದೊಡ್ಡವರೇ ಮುಚ್ಚಲಿ. ಹುಡುಗಿಯರು ಮುಚ್ಚಿದವನ್ನು ಬಿಚ್ಚಿ ಮತ್ತೆ ಹೊಲಿಯಿರಿ. ನಿನಗೆ ನಾನು ಹುಚ್ಚಿ ಅನ್ನಿಸಬಹುದು, ಅನ್ನಿಸಲಿ.

ಇನ್ನೊಂದು ಕೇಳಬೇಕೋ ಬೇಡವೋ ಎಂದು ಪೆನ್ನು ಕೆಳಗಿಟ್ಟು ಎತ್ತಿಕೊಂಡೆ. ನೀನು ಪತ್ರ ಬರೆದದ್ದು ಗುರುವಾರ. ಹಾಗಾದರೆ 'ನಿನ್ನೆ ಮಧ್ಯಾಹ್ನ' ಎಂದರೆ ಬುಧವಾರ. ಬುಧವಾರ ಮಧ್ಯಾಹ್ನ ಫಿಜಾ ಸಾಲೆಯಲ್ಲಿ ಇರಬೇಕಲ್ಲ? ನಿನ್ನ ಪಕ್ಕದಲ್ಲಿ ಸಾಲಿನ ಮೇಲೆ ಸಾಲು ಹೊಲಿಯುತ್ತ ಯಾಕೆ ಕೂತಿದ್ದಳು?

ಅವತ್ತೇನೋ ರಜೆ ಇದ್ದಿರಬಹುದು. ಇತ್ತೆಂದು ಬರೆ.

ಸುಚೇತಾ


ಹೂಲಿ
೧೧ ಆಗಸ್ಟ್ ೨೦೨೫

ಸುಚೇತಾ,

ಫಿಜಾಗೆ ಅವತ್ತು ಜ್ವರ ಬಂದಿತ್ತು. ಸಾಲೆಗೆ ಕಳಿಸಲಿಲ್ಲ. ಮಲಗು ಅಂದರೆ ಮಲಗದೆ ಸೂಜಿ ಹಿಡಿದು ಕೂತಳು. ಸಮಾಧಾನವಾಯಿತೇ?

ಮೂಲೆಗಳನ್ನೆಲ್ಲ ಬಿಚ್ಚಿದೆವು. ರೊಟ್ಟಿಯ ಚೂರು ತೆಗೆದು ಕಾಗೆಗೆ ಹಾಕಿದೆವು. ಮೂಲೆ ಮತ್ತೆ ಮುಚ್ಚುವಾಗ ಶಟ್ಟೆವ್ವ ಅತ್ತಳು. "ಇಂಥಾ ಕೌದಿ ನಾ ಯಾರಿಗೂ ಹೊಲದ ಕೊಟ್ಟಿಲ್ಲಬೇ" ಅಂದಳು. ನಾನು ಅವಳ ಮುಖ ನೋಡದೆ ಹೊಲಿದೆ.

ನೀನು ನನ್ನ ಪತ್ರದ ದಿನ ಲೆಕ್ಕ ಹಾಕಿ ಕೂತೆಯಲ್ಲ, ಅದು ನನಗೆ ನಾಟಿತು. ಗೆಳತಿಯ ಪತ್ರವನ್ನು ಪೊಲೀಸರ ಹಾಗೆ ಓದುವುದನ್ನು ಸೊಲ್ಲಾಪುರದಲ್ಲಿ ಕಲಿಸುತ್ತಾರೇನು? ನಾನೂ ಒಂದು ಕೇಳುತ್ತೇನೆ. ಹನ್ನೆರಡರಲ್ಲಿ ನೀನೇನು ಮಾಡುತ್ತಿದ್ದೆ? ನಿಮ್ಮವ್ವ ಲೀಲಾಬಾಯಿಯವರ ಎದುರು ಕೂತು ಹಪ್ಪಳ ಲಟ್ಟಿಸುತ್ತಿದ್ದೆ. ನಾನೇ ನೋಡಿದ್ದೇನೆ, ಅಂಗೈ ಕೆಂಪಾಗಿರುತ್ತಿತ್ತು. ಆ ಹಪ್ಪಳಗಳನ್ನು ಮದುವೆ ಮನೆಗಳಿಗೆ ಕೊಡುತ್ತಿದ್ದಿರಿ. ಅವಕ್ಕೆ ಯಾವ ಲೇಬಲ್ ಹಚ್ಚಿದ್ದಿರಿ?

ಇಲ್ಲಿ ಹೆಂಗಸರ ಮನೆಗಳು ಈ ಕೌದಿಯ ಮೇಲೆ ನಿಂತಿವೆ. ಈ ಆರ್ಡರ್ ತಪ್ಪಿದರೆ ಅವರು ನನ್ನ ಬಾಗಿಲಿಗೆ ಬರುತ್ತಾರೆ, ನಿನ್ನ ಬಾಗಿಲಿಗಲ್ಲ. ಹಗಲೂ ರಾತ್ರಿ ಅದೇ ಭಯ ನನಗೆ. ನೀನು ಹೊಸ ಭಯ ಹಚ್ಚಬೇಡ.

ರಾಜಮಾ


ಸೊಲ್ಲಾಪುರ
೨೫ ಆಗಸ್ಟ್ ೨೦೨೫

ರಾಜಮಾ,

ಹಪ್ಪಳ ಲಟ್ಟಿಸಿದ್ದು ನಿಜ. ಲಟ್ಟಿಸಿ ಕೈ ತೊಳೆದುಕೊಂಡು ಸಾಲೆಗೆ ಹೋಗುತ್ತಿದ್ದೆ, ನಿನ್ನ ಜೊತೆಯಲ್ಲೇ. ಇರಲಿ, ಜಗಳಕ್ಕೆ ಈಗ ಹೊತ್ತಿಲ್ಲ.

ಈ ಪತ್ರ ಓದಿ ಒಲೆಗೆ ಹಾಕು. ಲೇಬಲ್ಲಿಗೆ ಹೊಣೆ ಹೊತ್ತು ಸಹಿ ಮಾಡಿದವಳು ನಾನೇ. ನಿನಗೆ ಮೊದಲ ಪತ್ರ ಬರೆಯುವ ಮೊದಲೇ ಮಾಡಿದ್ದೆ. ಬೇರೆ ಊರಿನವರು ಆರ್ಡರ್ ಹಾರಿಸಿಕೊಂಡು ಹೋಗುತ್ತಾರೆಂದು ಅವಸರ ಮಾಡಿದೆ. ನೀನು ಇರುವಾಗ ಕೇಳುವುದೇನಿದೆ ಅಂದುಕೊಂಡೆ. ಆಮೇಲೆ ಹೆದರಿಕೆ ಹತ್ತಿ ಕೇಳಿದೆ.

ಗಿರಾಕಿಯ ಕಡೆಯಿಂದ ಪರೀಕ್ಷೆಗೆ ಬರುತ್ತಿದ್ದಾರೆ. ಹೇಳದೆ ಬರಬೇಕೆಂದು ನಿಯಮ, ನಾನು ಹೇಳಬಾರದು. ಹೇಳುತ್ತಿದ್ದೇನೆ. ಮುಂದಿನ ವಾರ, ಸೆಪ್ಟೆಂಬರ್ ನಾಲ್ಕು, ಗುರುವಾರ. ಬರುವವಳ ಹೆಸರು ಶೀತಲ. ಕನ್ನಡ ಚೆನ್ನಾಗಿ ಬರುತ್ತದೆ, ಮಾತಾಡಿಸಿ ಮಾತಾಡಿಸಿ ಬಾಯಿ ಬಿಡಿಸುತ್ತಾಳೆ. ಅವತ್ತು ನಿನ್ನ ಪಡಸಾಲೆಯಲ್ಲಿ ಮಕ್ಕಳ ನೆರಳೂ ಬೀಳಬಾರದು. ಫಿಜಾಗೆ ಜ್ವರ ಬರಲಿ ಬಿಡಲಿ, ಅವಳು ಅಲ್ಲಿ ಇರಕೂಡದು.

ನನ್ನ ಕೆಲಸ, ನಿನ್ನ ಸಂಘ ಎರಡೂ ಆ ಒಂದು ದಿನದ ಮೇಲೆ ನಿಂತಿವೆ. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇದೊಂದನ್ನು ಮಾಡು.

ಸುಚೇತಾ


ಹೂಲಿ
೭ ಸೆಪ್ಟೆಂಬರ್ ೨೦೨೫

ಸುಚೇತಾ,

ಬಂದಳು, ಹೋದಳು. ಚಹಾ ಒಲ್ಲೆ ಅಂದಳು, ನೀರೂ ತನ್ನದೇ ಬಾಟಲಿಯದು. ಒಬ್ಬೊಬ್ಬರನ್ನೇ ಹೊರಗೆ ಕರೆದು ಮಾತಾಡಿಸಿದಳು. ಶಟ್ಟೆವ್ವನನ್ನು ಬಹಳ ಹೊತ್ತು ಬಿಡಲಿಲ್ಲ, ಒಳಗೆ ಕೂತ ನನಗೆ ಎಲ್ಲ ಕೇಳುತ್ತಿತ್ತು.

"ಅಜ್ಜಿ, ನಿಮ್ಮ ಮನ್ಯಾಗ ಮಕ್ಕಳಿಲ್ಲೇನ್ರಿ?"

"ಅದಾಳ್ರಿ ಒಬ್ಬಾಕಿ ಮೊಮ್ಮಗಳು. ಕಿತ್ತೂರಾಗ ಸ್ವಾದರಮಾವನ ಮನಿಗೆ ಹೋಗ್ಯಾಳ್ರಿ."

"ಈ ಕೌದಿ ಯಾರ ಹೊಲದಾರ್ರಿ?"

"ನಾವ ಮುದುಕೇರು ಹೊಲದೇವ್ರಿ. ನೋಡ್ರಲಾ, ಸೊಟ್ಟ ಸೊಟ್ಟ ಅದಾವ."

ಅದಕ್ಕೆ ಆ ಶೀತಲಳೂ ನಕ್ಕಳು. ಪಡಸಾಲೆಯಲ್ಲಿ ಮಕ್ಕಳಿರಲಿಲ್ಲ. ಅಟ್ಟದ ಮೇಲೂ ಇರಲಿಲ್ಲ, ಅವಳು ಹತ್ತಿ ನೋಡಿದಳು. ನೀನು ಹೇಳಿದ ಹಾಗೆಯೇ ಆಯಿತು.

ಉಳಿದ ಕೌದಿಗಳನ್ನು ಕಳಿಸಿದ್ದೇನೆ. ಮೈಗೆ ಹುಷಾರಿಲ್ಲ, ಇಷ್ಟಕ್ಕೇ ನಿಲ್ಲಿಸುತ್ತೇನೆ.

ರಾಜಮಾ


ಸೊಲ್ಲಾಪುರ
೧೭ ಸೆಪ್ಟೆಂಬರ್ ೨೦೨೫

ನನ್ನ ಬಂಗಾರದಂಥ ರಾಜಮಾ,

ಪಾಸಾಯಿತು! ಶೀತಲಳ ವರದಿ ಬಂತು, ಒಂದು ಕಪ್ಪು ಚುಕ್ಕೆಯಿಲ್ಲ. ಓದಿ ಮುಗಿಸಿದ್ದೇ ಎಷ್ಟು ಜೋರಾಗಿ ಕಿರುಚಿದೆನೆಂದರೆ ಪಕ್ಕದ ಟೇಬಲ್ಲಿನವಳು ಯಾರೋ ತೀರಿಕೊಂಡರೆಂದು ತಿಳಿದು ನೀರು ತಂದುಕೊಟ್ಟಳು. ಕೌದಿಗಳು ಇನ್ನೇನು ಬಂದರಿಗೆ ಹೊರಡುತ್ತವೆ. ಇದು ಅಲ್ಲಿ ಹಿಡಿಸಿದರೆ ಇನ್ನೂ ದೊಡ್ಡ ಆರ್ಡರ್ ಬರುತ್ತದಂತೆ.

ಅವರು ಮತ್ತೊಮ್ಮೆ ಬಂದರೂ ಬಂದಾರು, ಯಾವಾಗೆಂದು ಈ ಸಲ ನನಗೂ ಗೊತ್ತಾಗುವುದಿಲ್ಲ. ಅದಕ್ಕೆ ಪಡಸಾಲೆ ಹೀಗೇ ಇರಲಿ.

ಫಿಜಾಗೆಂದು ಒಂದು ಕಂಪಾಸ್ ಪೆಟ್ಟಿಗೆ ಕಳಿಸಿದ್ದೇನೆ. ಸೂಜಿ ಬಿಟ್ಟ ಕೈಗೆ ಏನಾದರೂ ಬೇಕಲ್ಲ. ಈಗ ದಿನಾಲು ಸಾಲೆಗೆ ಹೋಗುತ್ತಿರಬೇಕು. ನನಗೆ ನಾಲ್ಕು ಸಾಲು ಬರೆಯಲು ಹೇಳು. ನಿನ್ನ ಮೇಲೆ ಸಂಶಯಪಟ್ಟದ್ದಕ್ಕೆ ನಿನ್ನ ಮುಂದೆ ಕಿವಿ ಹಿಡಿದುಕೊಂಡಿದ್ದೇನೆ ಎಂದು ತಿಳಿ. ಮೈ ಹೇಗಿದೆ?

ಸುಚೇತಾ


ಸೊಲ್ಲಾಪುರ
೧೩ ಅಕ್ಟೋಬರ್ ೨೦೨೫

ರಾಜಮಾ,

ನಿನ್ನಿಂದ ಪತ್ರವಿಲ್ಲ. ದಸರೆಗೆ ಬನ್ನಿ ಹಂಚಿಕೊಳ್ಳೋಣವೆಂದು ಫೋನ್ ಮಾಡಿದೆ, ಎತ್ತಲಿಲ್ಲ. ಮೊನ್ನೆ ತೌಹೀದ ಎತ್ತಿದ. "ಅಮ್ಮಿ ಹೊರಗ ಹೋಗ್ಯಾಳ್ರಿ" ಅಂದ. ಫಿಜಾಗೆ ಕೊಡು ಅಂದೆ. "ಆಕಿ ಇಲ್ಲಿಲ್ರಿ ಆಂಟಿ, ಮಾಮೂನ ಕಡೆ ಅದಾಳ" ಎಂದು ಫೋನ್ ಇಟ್ಟುಬಿಟ್ಟ.

ಬಾಬಾಜಾನನ ಹತ್ತಿರ ಅವಳೇನು ಮಾಡುತ್ತಿದ್ದಾಳೆ? ಅವನು ದಿನವಿಡೀ ಟೆಂಪೋದಲ್ಲಿರುತ್ತಾನೆ ಎಂದು ನೀನೇ ಬರೆದಿದ್ದೆ. ಹಗಲು ಅವಳು ಎಲ್ಲಿರುತ್ತಾಳೆ? ಈ ಸಲ ದಿನ ಲೆಕ್ಕ ಹಾಕುವುದಿಲ್ಲ, ಪೊಲೀಸರ ಹಾಗೆ ಓದುವುದಿಲ್ಲ. ಏನಿದ್ದರೂ ಬರೆ.

ಸುಚೇತಾ


ಹೂಲಿ
೨೬ ಅಕ್ಟೋಬರ್ ೨೦೨೫

ಸುಚೇತಾ,

ಫಿಜಾಗೆ ಜ್ವರ ಬಂದಿರಲಿಲ್ಲ. ಜೂನ್ ತಿಂಗಳಿಂದಲೇ ಅವಳು ಸಾಲೆ ಬಿಟ್ಟಿದ್ದಳು. ಹೋಗು ಅಂದರೆ ಹೊಟ್ಟೆನೋವು ಅನ್ನುತ್ತಿದ್ದಳು, ಅಳುತ್ತಿದ್ದಳು. ಸೂಜಿ ಕೊಟ್ಟರೆ ಅಳು ನಿಲ್ಲುತ್ತಿತ್ತು. ನನಗೂ ಒಂದು ಕೈ ಹೆಚ್ಚಾದಂತಾಯಿತು, ಯಾಕೆ ಮುಚ್ಚಿಡಲಿ. ಅವಳು ಹೊಲಿದ ಕೌದಿಗಳೂ ನಿನ್ನ ಲೇಬಲ್ ಹೊತ್ತು ಹೋಗಿವೆ. ಮೂಲೆ ಬಿಚ್ಚಿದೆವು, ಸಾಲು ಬಿಚ್ಚಲಿಲ್ಲ. ನೀನು ಮೂಲೆಯ ಬೆನ್ನು ಹತ್ತಿದ್ದು ಕಂಡು ಒಳಗೊಳಗೇ ಹಗುರಾಗಿದ್ದೆ.

ನೆರಳೂ ಬೀಳಬಾರದು ಎಂದು ಬರೆದೆಯಲ್ಲ. ಆ ಪತ್ರ ಓದಿದ ರಾತ್ರಿ ಬಾಬಾಜಾನನನ್ನು ಕರೆಸಿ, "ಎರಡ ದಿನ ನಿನ್ನ ಕಡೆ ಇಟ್ಕೋ" ಅಂದೆ. ಅವನು ಅವಳನ್ನು ಟೆಂಪೋದಲ್ಲಿ ಕೂಡಿಸಿಕೊಂಡು ಸಾಲಹಳ್ಳಿಯಿಂದಾಚೆ ಬೀಜದ ಹತ್ತಿ ಹೊಲಕ್ಕೆ ಒಯ್ದ. ಕೂಲಿಯವರ ಜೊತೆ ಆಡಿಕೊಂಡಿರುತ್ತಾಳೆ ಅಂದ. ಆಮೇಲೆ ನೀನು, ಮತ್ತೊಮ್ಮೆ ಬಂದಾರು, ಪಡಸಾಲೆ ಹೀಗೇ ಇರಲಿ ಎಂದು ಬರೆದೆ. ನಾನೂ ಇರಲಿ ಅಂದುಕೊಂಡೆ. ಎರಡು ದಿನ ಹೋಗಿ ದಸರೆ ಬಂತು.

ತೌಹೀದ ನಿನ್ನ ಫೋನಿನ ವಿಷಯ ಹೇಳಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ರಾಮದುರ್ಗದ ಬಸ್ಸು ಹಿಡಿದೆ. ಅಲ್ಲಿಂದ ಯಾರದೋ ಬೈಕು. ಆ ಹೊಲ ನೀನು ನೋಡಬೇಕು. ಸಂಜೆ ಮೊಗ್ಗು ಸುಲಿದು, ಒಳಗಿನ ಕೇಸರವನ್ನು ಉಗುರಿನಿಂದ ತೆಗೆದು, ಗುರುತಿಗೆ ಒಂದು ಕೆಂಪು ಕಾಗದ ಸಿಕ್ಕಿಸುತ್ತಾರೆ. ಬೆಳಗಾದ ಮೇಲೆ ಬೇರೆ ಸಾಲಿನ ಹೂ ತಂದು ಅದಕ್ಕೆ ಒರೆಸುತ್ತಾರೆ. ಹಾಗೆ ಕೂಡಿಸಿದ ಹೈಬ್ರಿಡ್ ಬೀಜಕ್ಕೆ ಒಳ್ಳೆ ಬೆಲೆ. ಗಿಡದಷ್ಟೇ ಎತ್ತರದವರು ಬೇಕು, ಸಣ್ಣ ಬೆರಳಿನವರು ಬೇಕು. ಹೊಲದ ತುಂಬ ಮಕ್ಕಳೇ. ನಿನ್ನ ಕಂಪನಿಯಲ್ಲಿ ಇರುವುದಕ್ಕಿಂತ ಹೆಚ್ಚು ಚೀಟಿಗಳು ಆ ಗಿಡಗಳ ಮೇಲೆ ಇದ್ದವು, ಒಂದರ ಮೇಲೂ ಅಕ್ಷರವಿರಲಿಲ್ಲ.

ಫಿಜಾ ಕಂಡಳು. ಬದುವಿನ ಮೇಲೆ ನಿಂತು ಕೈ ಬೀಸಿದೆ. ಅವಳು ತಲೆಯೆತ್ತಿದಳು. ನೆಟ್ಟಗೆ ನನ್ನನ್ನೇ ನೋಡಿದಳು. ನೋಡಿ, ಮತ್ತೆ ತಲೆ ತಗ್ಗಿಸಿ ಮೊಗ್ಗಿಗೆ ಕೈ ಹಾಕಿದಳು. ನನ್ನ ಮುಖ ನೋಡಲೂ ಒಲ್ಲಳು ಎಂದುಕೊಂಡೆ. ಸಾಲುಗಳ ನಡುವೆ ನುಗ್ಗಿದೆ. ತೀರ ಹತ್ತಿರ ಹೋದಾಗ ಕಣ್ಣು ಕಿರಿದು ಮಾಡಿ ಕೇಳಿದಳು.

"ಯಾರ್ರಿ?"

"ನಾನ! ಇಷ್ಟ ಸಿಟ್ಟೇನ ನನ್ನ ಮ್ಯಾಲೆ?"

"ಫುಪ್ಪು! ನೀನಾ? ಕೆಂಪ ಸೀರಿ ಅಷ್ಟ ಕಾಣ್ತು. ಮಾರಿ ಕಾಣಲಿಲ್ಲ."

ಅಲ್ಲೇ ಹೆಂಟೆಯ ಮೇಲೆ ಕೂತೆ. "ಸಾಲ್ಯಾಗ ಹಲಗಿ ಕಾಣ್ತದೇನ ನಿನಗ?" ಅಂದೆ.

"ಇಲ್ಲ. ಹಲಗಿ ಅಂದ್ರ ಬರೇ ಕರ್ರಗ. ಟೀಚರ್ ಓದು ಅಂತಾರ, ಬರಂಗಿಲ್ಲಂದ್ರ ನಿಂದರಸ್ತಾರ. ಎಲ್ಲಾರೂ ನಗ್ತಾರ."

"ಒಂದ ಮಾತ ಹೇಳಬಾರದಾಗಿತ್ತೇನವಾ?"

"ಎಲ್ಲಾರಿಗೂ ಹಂಗ ಕಾಣ್ತದಂತ ತಿಳದಿದ್ನಿ. ಅವರಿಗೆಲ್ಲಾ ಬಾಯಿಪಾಠ ಬರ್ತೈತಿ, ನನಗ ಬರಂಗಿಲ್ಲ ಅಂತ. ನೀನೂ ಕೇಳಲಿಲ್ಲಲಾ."

ಕೇಳಲಿಲ್ಲ. ಅವಳು ಹೊಲಿಗೆಗೆ ಮೂಗು ತಾಗಿಸಿ ಕೂತರೆ ಆಸೆಯೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಹತ್ತಿರದ್ದಷ್ಟೇ ಕಾಣುವ ಹುಡುಗಿ ಹತ್ತಿರದ ಕೆಲಸ ಹಿಡಿದಳು. ಮೊಗ್ಗೂ ಹತ್ತಿರವೇ. ಕೂಲಿಯವರ ಮೇಲ್ವಿಚಾರಣೆ ಮಾಡುವ ಅಂದಾನೆಪ್ಪ ಅನ್ನುವವನು ಓಡಿ ಬಂದ. "ಯಾಕ್ರಿ ಅಕ್ಕಾರ, ಈ ಹುಡಿಗಿ ಕೈ ಭಾಳ ಚುರುಕೈತ್ರಿ, ಕರಕೊಂಡ ಹೋಗಬ್ಯಾಡ್ರಿ" ಅಂದ. ಅವನಿಗೆ ನಾನೇನಂದೆನೆಂದು ಇಲ್ಲಿ ಬರೆಯುವುದಿಲ್ಲ, ಜೋಯಿಸರ ಮಗಳ ಕಿವಿಗೆ ಬೀಳುವ ಮಾತಲ್ಲ.

ಬಾಬಾಜಾನನ ಮೇಲೂ ಹರಿಹಾಯ್ದೆ. ಅವನು ಟೆಂಪೋದ ಬಾಗಿಲು ಹಿಡಿದು ನಿಂತು, "ಆಪಾ, ನೀನ ಕಳಿಸಿದ್ದಿ. ನಿನ್ನ ಪಡಸಾಲ್ಯಾಗ ಕುಂತು ಮಾಡಿದ್ರ ಕಾಯ್ದೆಕ್ಕ ತಪ್ಪಂತ. ಇಲ್ಲಿ ಯಾವನೂ ಕೇಳಾಕ ಬರಂಗಿಲ್ಲ. ನಾ ಏನ ಮಾಡ್ಲಿ?" ಅಂದ. ಅವನ ಕಣ್ಣಲ್ಲೂ ನೀರಿತ್ತು. ಫಿಜಾಳ ಕೈ ಹಿಡಿದುಕೊಂಡು ಹೊರಟೆ.

ಸವದತ್ತಿಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. "ಇಷ್ಟ ದಿನಾ ಹ್ಯಾಂಗ ಬಿಟ್ರಿ?" ಎಂದು ನನಗೆ ಬೈದರು. ಕನ್ನಡಕ ಬರುವುದಕ್ಕೆ ಇನ್ನೂ ಕೆಲವು ದಿನ ಬೇಕು. ನಿನ್ನ ಕಂಪಾಸ್ ಪೆಟ್ಟಿಗೆ ಅವಳ ದಿಂಬಿನ ಕೆಳಗಿದೆ.

ನೀನು ನನಗೆ ಏನು ಬೇಕಾದರೂ ಅನ್ನು. ಆದರೆ ಸಂಘದ ಉಳಿದವರಿಗೆ ಏನೂ ಆಗದ ಹಾಗೆ ನೋಡಿಕೊ. ಅವರಿಗೆ ಇದ್ಯಾವುದೂ ಗೊತ್ತಿಲ್ಲ.

ರಾಜಮಾ


ಸೊಲ್ಲಾಪುರ
೫ ನವೆಂಬರ್ ೨೦೨೫

ರಾಜಮಾ,

ನಿನಗೆ ಏನೆನ್ನಲಿ? ಅವಳು ಹಗಲು ಎಲ್ಲಿರಬೇಕೆಂದು ನಾನೂ ಬರೆಯಲಿಲ್ಲ. ಎಲ್ಲಿ ಇರಬಾರದೆಂದಷ್ಟೇ ಬರೆದೆ. ನಿನ್ನ ಪತ್ರ ಓದಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ.

ಆಮೇಲೆ ಧೈರ್ಯ ಮಾಡಿ ನಮ್ಮ ಸಾಹೇಬರ ಎದುರು ನಿಂತೆ. ಒಂದು ಹುಡುಗಿ ಹೊಲಿದ ಕೌದಿಗಳು ಆ ಹಡಗಿನಲ್ಲಿವೆ, ಆ ಹುಡುಗಿಯನ್ನು ಹತ್ತಿ ಹೊಲಕ್ಕೆ ಅಟ್ಟಿದ್ದೂ ನಮ್ಮ ಪರೀಕ್ಷೆಯೇ ಎಂದು ಹೇಳಿದೆ. ಅವರು ಕೂಗಾಡಲಿಲ್ಲ. ಬಹಳ ಮೆಲ್ಲಗೆ, "ಹಡಗು ಹೋಗಿ ಆಯಿತು. ಹೊಲದ ವಿಷಯ ಲೇಬಲ್ ಕೇಳುವುದಿಲ್ಲ. ಈಗ ಹೊಲಿಗೆಯಲ್ಲಿ ಮಕ್ಕಳಿಲ್ಲವಲ್ಲ, ಮುಂದಿನ ಆರ್ಡರಿಗೆ ಸಹಿ ಮಾಡು" ಅಂದರು. ಆ ಕಾಗದ ನನ್ನ ಟೇಬಲ್ಲಿನ ಮೇಲಿದೆ. ಸಹಿ ಮಾಡದಿದ್ದರೆ ನಿನ್ನ ಸಂಘದ ಕೆಲಸ ನಿಲ್ಲುತ್ತದೆ. ಮಾಡಿದರೆ ಇನ್ನಾವ ಮನೆಯ ಪಡಸಾಲೆಯಿಂದ ಯಾರನ್ನು ಎಲ್ಲಿಗೆ ಅಟ್ಟುತ್ತೇನೋ ಎಂದು ಭಯವಾಗುತ್ತದೆ.

ಶಟ್ಟೆವ್ವ ಹೇಗಿದ್ದಾಳೆ? ಸ್ನೇಹಲ್ ಕಿತ್ತೂರಿನಿಂದ ಬಂದಳೇ? ಫಿಜಾಗೆ ಸಾಲೆಯಲ್ಲಿ ಜೊತೆಯಾಗುತ್ತಾಳೆ.

ಈ ಕೆಳಗಿನದು ಫಿಜಾಗೆ. ಕನ್ನಡಕ ಬಂದ ಮೇಲೆ ಅವಳೇ ಓದಲಿ, ನೀನು ಓದಿ ಹೇಳಬೇಡ.

ಫಿಜಾ, ನಿನ್ನ ಬಗ್ಗೆ ನಾವಿಬ್ಬರೂ ಇಷ್ಟು ಪತ್ರ ಬರೆದೆವು, ನಿನ್ನನ್ನು ಒಂದು ಮಾತು ಕೇಳಲಿಲ್ಲ. ಈಗ ಕೇಳುತ್ತೇನೆ. ನಾನು ಏನು ಮಾಡಿದರೆ ಒಳ್ಳೆಯದು? ಮನಸ್ಸಿಗೆ ಬಂದದ್ದನ್ನು ಬರೆ.

ಸುಚೇತಾ


ಹೂಲಿ
೧೬ ನವೆಂಬರ್ ೨೦೨೫

ಸುಚೇತಾ ಆಂಟಿಗೆ ಫಿಜಾ ಮಾಡುವ ಸಲಾಂ.

ನಾನು ಚೆನ್ನಾಗಿದ್ದೇನೆ. ನಿಮ್ಮ ಪತ್ರವನ್ನು ನಾನೇ ಓದಿದೆ. ನನಗೆ ಕನ್ನಡಕ ಬಂದಿದೆ. ಸಾಲೆಗೆ ಹೋಗುತ್ತಿದ್ದೇನೆ. ಹಲಗೆಯ ಮೇಲಿನದು ಕಾಣುತ್ತದೆ. ಹಿಂದಿನ ಪಾಠಗಳು ತಿಳಿಯುವುದಿಲ್ಲ, ಟೀಚರ್ ಹೇಳಿಕೊಡುತ್ತೇನೆ ಎಂದಿದ್ದಾರೆ. ಕಂಪಾಸ್ ಪೆಟ್ಟಿಗೆ ಚೆನ್ನಾಗಿದೆ.

ನೀವು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿಲ್ಲ. ಆದರೆ ಒಂದು ವಿಷಯ ಬರೆಯುತ್ತೇನೆ. ಇದನ್ನು ಬರೆಯಬೇಡ ಎಂದು ಫುಪ್ಪು ಹೇಳಿದ್ದಾಳೆ. ಶಟ್ಟೆವ್ವಾಯಿ ಅಳುತ್ತಾಳೆ, ಸಂಘ ಮುಚ್ಚಿಹೋಗುತ್ತದೆ ಎಂದಳು. ಪತ್ರವನ್ನು ನಾನೇ ಪೋಸ್ಟಿಗೆ ಹಾಕುತ್ತೇನೆ.

ಸ್ನೇಹಲ್ ಕಿತ್ತೂರಿಗೆ ಹೋಗಿಲ್ಲ. ನಾವಿಬ್ಬರೂ ಒಂದೇ ದಿನ ಟೆಂಪೋದಲ್ಲಿ ಹೋದೆವು. ಹೊಲದಲ್ಲಿ ನನ್ನ ಪಕ್ಕದ ಸಾಲು ಅವಳದು. ಫುಪ್ಪು ಬಂದ ದಿನ ಅವಳೂ ಅಲ್ಲೇ ನಿಂತಿದ್ದಳು. ಫುಪ್ಪು ನನ್ನ ಕೈ ಹಿಡಿದುಕೊಂಡು ಬಂದಳು, ಅವಳನ್ನು ಮಾತಾಡಿಸಲಿಲ್ಲ. ಅವಳು ಇನ್ನೂ ಅಲ್ಲೇ ಇದ್ದಾಳೆ.

ನನ್ನನ್ನು ಕಣ್ಣಿನ ಸಲುವಾಗಿ ಕರೆದುಕೊಂಡು ಬಂದು ಸಾಲೆಗೆ ಕಳಿಸಿದರು. ಸ್ನೇಹಲಳ ಕಣ್ಣು ಚೆನ್ನಾಗಿವೆ. ಆಂಟಿ, ಅವಳನ್ನು ಯಾವುದರ ಸಲುವಾಗಿ ಕರೆದುಕೊಂಡು ಬರುತ್ತಾರೆ?

ಇಂತಿ
ಫಿಜಾ